ಅಕ್ಕನ ಮನೆಯ ಅಡುಗೆಯವರು

ಆ ಧಾರಾವಾಹಿಯನ್ನು ಅಕ್ಕನ ಮನೆಗೆ ತಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆಲ್ಲ ನಾನು ಅಕ್ಕನನ್ನು ಬೈಯುವುದೇ ಹೆಚ್ಚು.

ನಾನು ಸುಳ್ಯದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಜಾಲ್ಸೂರಿನಲ್ಲಿ ನಾನು, ಅವ್ವ ಇಬ್ಬರೇ. ಅವ್ವ ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾವಿಬ್ಬರೂ ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ, ಅವಳು ಸೌದೆ ಒಲೆಯ ಮುಂದೆ ನಿಂತೇ ನಮ್ಮನ್ನು ಓದಿಸಿದ್ದು. ಅಕ್ಕನನ್ನು ಪುತ್ತೂರಿಗೆ ಕೊಟ್ಟಿದ್ದೇವೆ. ಭಾವನ ಟೈಲ್ಸ್ ಅಂಗಡಿ ಒಳ್ಳೆ ಕುದುರಿ, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮಹಡಿ ಮನೆ ಎದ್ದಿತು. ಆ ಮನೆಗೆ ಹೋದ ಮೇಲೆ ಅಕ್ಕ ಅವ್ವನನ್ನು ‘ಅಮ್ಮ’ ಎಂದು ಕರೆಯಲು ಶುರುಮಾಡಿದಳು. ನಾವು ಹುಟ್ಟಿದಾಗಿನಿಂದ ಆಡಿದ, ಸುಳ್ಯದ ಕಡೆಯ ಆಡುಮಾತಾದ ಅರೆಭಾಷೆ ಅವಳ ಮಗಳಿಗೆ ಬರುವುದಿಲ್ಲ. ಬರದ ಹಾಗೆ ಬೆಳೆಸಿದಳು ಎಂದರೆ ಸರಿ.

ಆ ಮಗಳು ಒಂಬತ್ತನೇ ಕ್ಲಾಸಿಗೆ ಬಂದಾಗ, ಅವಳ ಉಚ್ಚಾರ ಸುಧಾರಿಸಲಿ ಎಂದು ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿಯೊಂದನ್ನು ನೋಡಲು ಹೇಳಿದೆ. ಆ ದೇಶದವರಿಗೆ ಒಂದು ಬಗೆಯ ಹಾಸ್ಯ ಬಹಳ ಇಷ್ಟ. ಹುಟ್ಟಿದ ಕೇರಿಯನ್ನು ಮುಚ್ಚಿಟ್ಟು ದೊಡ್ಡವರ ಸಾಲಿನಲ್ಲಿ ಕೂರಲು ಒದ್ದಾಡುವವರ ಕಥೆ. ಇದರಲ್ಲಿ ಅಂಥ ಒಬ್ಬ ಅಂಗಡಿಯವನಿದ್ದ. ದೊಡ್ಡ ಮನೆಯವರು ಚಹಾಕ್ಕೆ ಬಂದ ಹೊತ್ತಿಗೇ ಅವನ ಸ್ವಂತ ಅಣ್ಣ ಮೀನಿನ ವ್ಯಾನು ತಂದು ಗೇಟಿನ ಮುಂದೆ ನಿಲ್ಲಿಸುತ್ತಾನೆ. ಇವನು ಆ ಅಣ್ಣನನ್ನೇ ನಲ್ಲಿ ರಿಪೇರಿಯವನೆಂದು ಹೇಳಿ ಹಿತ್ತಿಲಿಗೆ ಅಟ್ಟುತ್ತಾನೆ. ಪ್ರತಿ ಕಂತಿನಲ್ಲೂ ಇಂಥದೇ ಪೇಚು.

ಮಗಳಿಗೆ ಎರಡೇ ದಿನದಲ್ಲಿ ಬೇಜಾರಾಯಿತು. ಹಿಡಿದುಕೊಂಡವಳು ಅಕ್ಕ. ಟಿವಿಯ ಕೆಳಗಡೆ ಬರುವ ಅಕ್ಷರಗಳನ್ನು ಓದಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಳು. "ನಮ್ಮ ಮನೆಯಲ್ಲಿ ಕನ್ನಡ ಸೀರಿಯಲ್ ಹಾಕುದೇ ಇಲ್ಲ, ಬ್ರಿಟಿಷ್ ಕಾಮೆಡಿ ಮಾತ್ರ" ಎಂದು ನೆರೆಯವರಲ್ಲಿ ಹೇಳಿಕೊಂಡಳು. ಅವಳು ಯಾರನ್ನು ನೋಡಿ ನಗುತ್ತಿದ್ದಾಳೆ ಎಂದು ಅವಳಿಗೆ ತಿಳಿಯದ್ದು ನನಗೆ ಆಗ ತಮಾಷೆಯಾಗಿಯೇ ಕಂಡಿತ್ತು.

ಮಳೆಗಾಲದ ಒಂದು ಭಾನುವಾರ ಅಕ್ಕ ಬಡಾವಣೆಯ ನಾಲ್ಕು ಹೆಂಗಸರನ್ನು ಸಂಜೆಯ ಚಹಾಕ್ಕೆ ಕರೆದಳು. ಅವರಲ್ಲಿ ಮುಖ್ಯರು ಒಬ್ಬ ಡಾಕ್ಟರರ ಹೆಂಡತಿ. ಅವರಿಗೆ ಪತ್ರೊಡೆ ಇಷ್ಟವಂತೆ, ಅಕ್ಕನಿಗೆ ಮಾಡಲು ಬರುವುದಿಲ್ಲ. ಅವ್ವ ಶನಿವಾರವೇ ಕೆಸುವಿನ ಎಲೆ ಕೊಯ್ದು, ನಾರು ತೆಗೆದು, ಅಕ್ಕಿ ಮಸಾಲೆ ರುಬ್ಬಿ, ಅಲ್ಲಿ ಹೋಗಿ ಹಬೆಯಲ್ಲಿ ಬೇಯಿಸಲೆಂದು ಡಬ್ಬಿಗೆ ತುಂಬಿದಳು. ಮರುದಿನ ಬೆಳಿಗ್ಗೆ ನಾವಿಬ್ಬರೂ ಬಸ್ಸು ಹತ್ತಿದೆವು. ಡಬ್ಬಿ ಅಲುಗದ ಹಾಗೆ ಅವ್ವ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಹೆಂಗಸರು ಬಂದರು. ಅಕ್ಕ ನನ್ನನ್ನು ಪರಿಚಯಿಸಿದಳು. "ಇವಳು ನನ್ನ ತಂಗಿ. ಸುಳ್ಯದಲ್ಲಿ ಇಂಗ್ಲಿಷ್ ಲೆಕ್ಚರರ್."

ನಾನು ಲೆಕ್ಚರರ್ ಅಲ್ಲ. ಆದರೂ ನಕ್ಕು ನಮಸ್ಕಾರ ಮಾಡಿದೆ.

ಅವ್ವ ಬಿಸಿ ಪತ್ರೊಡೆಯ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಡಾಕ್ಟರರ ಹೆಂಡತಿ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಅಬ್ಬಾ, ಎಂತ ರುಚಿ ಮಾರಾಯ್ರೆ! ಯಾರು ಮಾಡಿದ್ದು ಇದು?"

"ನಮ್ಮ ಅಡುಗೆಯವರು," ಎಂದಳು ಅಕ್ಕ. ಅವ್ವನ ಕಡೆ ಕೈ ಮಾಡಿ ತೋರಿಸಿದಳು ಕೂಡ.

ನಾನು ತಪ್ಪು ಕೇಳಿದೆನೋ ಎಂದುಕೊಂಡೆ. ಆ ಹೆಂಗಸು ಅವ್ವನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಹಾಗಾದ್ರೆ ನಮ್ಮಲ್ಲಿಗೂ ಒಂದು ದಿನ ಕಳಿಸಿ ಇವರನ್ನು" ಎಂದರು. ಅವ್ವ "ಆಯ್ತಮ್ಮ" ಎಂದು ಅವರ ತಟ್ಟೆಗೆ ಇನ್ನೊಂದು ತುಂಡು ಬಡಿಸಿ, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನನ್ನ ಕೈಯಲ್ಲಿ ಚಹಾದ ಕಪ್ಪಿತ್ತು. ಅದರೊಳಗೆ ನೋಡುತ್ತಾ ಕೂತೆ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿ, ಅಕ್ಕ ಟಿವಿ ಹಾಕಿ, ಆ ಧಾರಾವಾಹಿಯನ್ನು ತೋರಿಸತೊಡಗಿದ್ದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅಕ್ಕ. ನಗು ಕೇಳಿ ಅವ್ವ ಅಡುಗೆಕೋಣೆಯ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಅದರಲ್ಲಿ ಏನಿದೆ ಎಂದು ನಮ್ಮ ಭಾಷೆಯಲ್ಲಿ ನನ್ನನ್ನು ಮೆಲ್ಲನೆ ಕೇಳಿದಳು: "ಅದ್ರಲಿ ಎಂತ ಉಟ್ಟು?"

"ಎಂತ ಇಲ್ಲೆ ಅವ್ವ," ಎಂದೆ. ಎಷ್ಟು ಮೆಲ್ಲನೆ ಎಂದರೆ, ‘ಅವ್ವ’ ಎಂದದ್ದು ಬೇರೆ ಯಾರಿಗೂ ಕೇಳಿಸಲಿಲ್ಲ.

ಅವರೆಲ್ಲ ಹೋದ ಮೇಲೆ ಅಕ್ಕನನ್ನು ಹಿಡಿದೆ. "ನಾಚಿಕೆ ಆಗುದಿಲ್ವಾ ನಿಂಗೆ? ಹೆತ್ತವಳನ್ನು ಅಡುಗೆಯವರು ಅಂತ ಹೇಳಿದ್ಯಲ್ಲ!"

"ನಾನೆಂತ ಸುಳ್ಳು ಹೇಳಿದ್ದಾ?" ಅವಳು ಸೋಫಾದ ದಿಂಬು ಸರಿಮಾಡುತ್ತಲೇ ಇದ್ದಳು. "ಅಮ್ಮ ಶಾಲೆಯಲ್ಲಿ ಅಡುಗೆ ಮಾಡುದಲ್ವಾ? ಅಡುಗೆಯವರೇ ಅಲ್ವಾ?"

ಅವಳ ಕೆನ್ನೆಗೆ ಹೊಡೆಯಬೇಕೆನಿಸಿತು. ಉತ್ಪ್ರೇಕ್ಷೆಯಲ್ಲ, ಕೈ ನಿಜವಾಗಿಯೂ ಮೇಲೆ ಹೋಗಿತ್ತು. ಅವಳು ಅದನ್ನು ನೋಡಿ ಹೇಳಿದಳು: "ನಿನ್ನನ್ನು ಲೆಕ್ಚರರ್ ಮಾಡಿದಾಗ ಬಾಯಿ ಮುಚ್ಚಿ ಕೂತಿದ್ಯಲ್ಲ. ಅದು ಸಿಹಿ ಆಯ್ತಾ? ಈಗ ನಂಗೆ ಹೇಳ್ಲಿಕ್ಕೆ ಬರ್ತೀಯಾ?"

ನನ್ನ ಕೈ ತಾನಾಗಿ ಇಳಿಯಿತು. ಅಷ್ಟರಲ್ಲಿ ಅವ್ವ ತೊಳೆದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಂದು, ಬಸ್ಸಿಗೆ ಹೊತ್ತಾಯಿತು ಎಂದಳು.

ಬಸ್ಸಿನಲ್ಲಿ ನಾನು ಅಕ್ಕನನ್ನು ಬೈಯುತ್ತಲೇ ಇದ್ದೆ. ಅವ್ವ ಸಮಾಧಾನ ಹೇಳಬಹುದು, ಹೋಗಲಿ ಬಿಡು ಎನ್ನಬಹುದು ಎಂದುಕೊಂಡಿದ್ದೆ. ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ನಮ್ಮ ಭಾಷೆಯಲ್ಲಿ ಹೇಳಿದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ: "ಅಡುಗೆಯವಳು ಅಂದದ್ದಕ್ಕೆ ನನಗೆ ಏನೂ ಇಲ್ಲ. ಇಷ್ಟು ವರ್ಷ ಊರಿನ ಮಕ್ಕಳ ಹೊಟ್ಟೆ ತುಂಬಿಸಿದ್ದೇನೆ, ಅದರಲ್ಲಿ ನಾಚಿಕೆ ಎಂಥದು? ಅವಳು ಹಾಗೆ ಹೇಳಿದ ಕೂಡಲೇ ನಾನು ನಿನ್ನ ಮುಖ ನೋಡಿದೆ. ನೀನು ಚಹಾದ ಕಪ್ಪಿನೊಳಗೆ ನೋಡ್ತಾ ಇದ್ದೆ."

ಜಾಲ್ಸೂರಿನಲ್ಲಿ ಇಳಿಯುವಾಗ ಡಬ್ಬಿಯ ಚೀಲವನ್ನು ನಾನೇ ಹಿಡಿದುಕೊಂಡೆ.

ವಾರ ಕಳೆದು ಅಕ್ಕನ ಫೋನು ಬಂತು. ಡಾಕ್ಟರರ ಹೆಂಡತಿ ಬಿಡದೆ ಅಡುಗೆಯವರನ್ನು ಕೇಳುತ್ತಿದ್ದಾರಂತೆ. "ಅವರು ಕೆಲಸ ಬಿಟ್ಟು ಹೋದ್ರು ಹೇಳಿದ್ದೇನೆ. ನಿಂಗೆ ಸಿಕ್ಕಿದ್ರೆ ನೀನೂ ಹಾಗೇ ಹೇಳು ಆಯ್ತಾ," ಎಂದಳು. ನಾನು ಫೋನು ಇಟ್ಟು ಅದನ್ನು ಅವ್ವನಿಗೆ ಇದ್ದ ಹಾಗೆ ಹೇಳಿದೆ. ಮುಚ್ಚಿಡಬಹುದಿತ್ತು. ಆದರೆ ಅವ್ವನಿಗೂ ನನ್ನಷ್ಟೇ ಸಿಟ್ಟು ಬರಲಿ ಎಂಬ ಹಠ ನನಗೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸದೆ, "ಬಿಟ್ಟದ್ದು ಹೌದಲ್ಲ," ಎಂದಳು. ಆಮೇಲೆ ಅವಳು ಪುತ್ತೂರಿನ ಆ ಮನೆಯ ಮೆಟ್ಟಿಲು ಹತ್ತಿಲ್ಲ. ನಾನು ಅಕ್ಕನ ಫೋನು ಎತ್ತುವುದನ್ನೇ ಬಿಟ್ಟೆ.

ಕಳೆದ ತಿಂಗಳು ಪುತ್ತೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಆ ಡಾಕ್ಟರರ ಹೆಂಡತಿ ಸಿಕ್ಕಿದರು. "ಓ, ಲೆಕ್ಚರರ್!" ಎಂದು ಗುರುತು ಹಿಡಿದರು. ಈ ಸಲವಾದರೂ ಬಿಡಬಾರದೆಂದು ಒಂದೇ ಉಸಿರಿಗೆ ಹೇಳಿದೆ: "ನಾನು ಹೈಸ್ಕೂಲ್ ಟೀಚರ್. ಆ ದಿನ ಪತ್ರೊಡೆ ಮಾಡಿದ್ದು ನಮ್ಮ ತಾಯಿ."

ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅಯ್ಯೋ, ಅದು ಆವತ್ತೇ ಗೊತ್ತಾಗಿತ್ತು! ನಿಮ್ಮ ಮೂವರದ್ದೂ ಮೂಗು ಒಂದೇ ಅಲ್ವಾ? ನಿಮ್ಮಕ್ಕ ಎಂತ ಮಾಡ್ತಾರೆ ನೋಡುವ ಅಂತ ಮತ್ತೆ ಮತ್ತೆ ಕೇಳಿದ್ದು ನಾನು. ಆವತ್ತು ವಾಪಸ್ ಹೋಗುವಾಗ ದಾರಿಯಲ್ಲಿ ನಾವು ನಗಾಡಿದ್ದೇ ನಗಾಡಿದ್ದು." ಹೇಳುತ್ತಲೇ ಅವರು ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಗೊತ್ತಿದ್ದೂ ಅವ್ವನನ್ನು ಮನೆಗೆ ಕಳಿಸಿ ಎಂದಿದ್ದರು. ಗೊತ್ತಿದ್ದೂ ಅವ್ವನ ಕೈಯಿಂದ ಎರಡನೇ ಸಲ ಬಡಿಸಿಕೊಂಡಿದ್ದರು. ನನಗೆ ಅಳು ಬರುವಷ್ಟು ಕೋಪ ಬಂತು. ಆಶ್ಚರ್ಯವೆಂದರೆ, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಆ ಕೋಪ ಅಕ್ಕನ ಮೇಲಲ್ಲ, ಅಕ್ಕನಿಗಾಗಿ ಬಂದಿತ್ತು. ನೆಲ ಒರೆಸಿ, ಪರದೆ ಬದಲಿಸಿ, ಇವರು ಬರುತ್ತಾರೆಂದು ಮೂರು ದಿನ ಒದ್ದಾಡಿದ್ದಳು ಅವಳು.

"ನಗಾಡ್ಲಿಕ್ಕೆ ಎಂತ ಉಂಟು ಅದ್ರಲ್ಲಿ?" ಎಂದೆ. ಧ್ವನಿ ಜೋರಾಯಿತೇನೋ, ಬಟ್ಟೆ ಮಡಚುತ್ತಿದ್ದ ಹುಡುಗಿ ತಲೆಯೆತ್ತಿದಳು. "ತಾಯಿಯನ್ನು ತಾಯಿ ಅಂತ ಹೇಳ್ಲಿಕ್ಕೆ ಅವಳು ಹೆದರಿದ್ದು ನಿಮ್ಮಂಥವರಿಗೇ ಅಲ್ವಾ?"

"ಎಂತ ಮಾರಾಯ್ರೆ, ತಮಾಷೆ ಕೂಡ ಗೊತ್ತಾಗುದಿಲ್ವಾ," ಎಂದು ಅವರು ಬೇರೆ ಸೀರೆಗೆ ಕೈ ಹಾಕಿದರು. ನಾನು ಏನನ್ನೂ ಕೊಳ್ಳದೆ ಹೊರಗೆ ಬಂದೆ.

ಆ ಭಾನುವಾರ ಅಕ್ಕನ ಫೋನು ಬಂದಾಗ ಎತ್ತಿದೆ. ಅವಳು "ಅಮ್ಮ ಹೇಗಿದ್ದಾಳೆ?" ಎಂದು ಕೇಳಿದಳು. ಬಟ್ಟೆ ಅಂಗಡಿಯ ಸಂಗತಿ ನಾಲಿಗೆಯ ತುದಿಗೇ ಬಂದಿತ್ತು. ಹೇಳಲಿಲ್ಲ. ಈಗಲೂ ಹೇಳಿಲ್ಲ. ಕ್ಷಮಿಸಿದ್ದೇನೆ ಎಂದೇನಲ್ಲ.

"ನೀನೇ ಬಂದು ಕೇಳು," ಎಂದೆ. "ಬರುವಾಗ ಮಗಳನ್ನು ಕರ್ಕೊಂಡು ಬಾ. ‘ಅವ್ವ’ ಅಂತ ಹೇಳಿಯೇ ಕರೀಬೇಕು, ನೀನೂ, ಅವಳೂ."