ರಾಯಪುರಂನಲ್ಲಿ ಹಿಮ ಕೆರೆದ ಐತಪ್ಪ

ಮದರಾಸಿನಲ್ಲಿ ಹಿಮ ಬೀಳುವುದಿಲ್ಲ ಎನ್ನುವವರು ರಾಯಪುರಂನ ಆ ಐಸ್‌ಕ್ರೀಮ್ ಗೋದಾಮನ್ನು ನೋಡಿದವರಲ್ಲ. ಅದರ ದಪ್ಪ ಬಾಗಿಲು ತೆರೆದಾಗಲೆಲ್ಲ ಕಡಲ ಕಡೆಯ ತೇವದ ಗಾಳಿ ಒಳನುಗ್ಗಿ, ಕೊರೆಯುವ ಚಳಿಗೆ ಸಿಕ್ಕಿ, ನೆಲದ ಮೇಲೆ ಬಿಳಿಯ ಪುಡಿಯಾಗಿ ಕೂರುತ್ತಿತ್ತು. ಅದನ್ನು ಕೆರೆದು ಹೊರಹಾಕುವ ಕೆಲಸ ಐತಪ್ಪನದು. ಪುತ್ತೂರಿನ ಕಡೆಯವನು. ಪುರಸೈವಾಕ್ಕಂನ ಹೋಟೆಲೊಂದರಲ್ಲಿ ಬಹಳ ವರ್ಷ ದೋಸೆಕಲ್ಲಿನ ಮುಂದೆ ನಿಂತು, ಬೆಂಕಿಯ ಕಾವು ಸಾಕಾಗಿ ಇಲ್ಲಿಗೆ ಬಂದಿದ್ದ. ಅದೇ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಶೀನನನ್ನೂ ಕರೆತಂದು, ಪೆಟ್ಟಿಗೆಗಳ ಟ್ರಾಲಿ ತಳ್ಳುವ ಕೆಲಸಕ್ಕೆ ಸೇರಿಸಿದ್ದ.

೧೯೯೯ರ ಮೇ ತಿಂಗಳು. ಊರೆಲ್ಲ ಬೇಯುತ್ತಿತ್ತು, ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನೆಲದ ಹಿಮ ಗಟ್ಟಿಯಾಗಿತ್ತು, ಕೆರೆದರೆ ಏಳುತ್ತಿರಲಿಲ್ಲ. ಐತಪ್ಪ ಪಕ್ಕದ ಚಹಾದಂಗಡಿಯಿಂದ ಒಂದು ಬಕೆಟ್ ಬಿಸಿನೀರು ತಂದು ಸುರಿದ. ಹಿಮ ಕರಗಿತು, ಗುಡಿಸಿ ಹಾಕಿದ. ಆದರೆ ಉಳಿದ ತೇವ ಕ್ಷಣದಲ್ಲೇ ಗಾಜಿನಂತೆ ಹೆಪ್ಪುಗಟ್ಟಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಹಿಂದೆಯೇ ಟ್ರಾಲಿ ತಳ್ಳಿಕೊಂಡು ಬಂದ ಶೀನ ಜಾರಿ ಬಿದ್ದ. ಪೆಟ್ಟಿಗೆಗಳು ಅವನ ಕಾಲಿನ ಮೇಲೆ ಕುಸಿದವು.

ಶೀನನ ಕಾಲಲ್ಲಿದ್ದದ್ದು ಸವೆದ ರಬ್ಬರ್ ಚಪ್ಪಲಿ. ಎಲ್ಲರೂ ಅದನ್ನೇ ಬೊಟ್ಟುಮಾಡಿದರು. ಆಸ್ಪತ್ರೆಯಲ್ಲಿ ಶೀನನೂ, "ಬೂಟು ಹಾಕ್ಬೇಕಿತ್ತು, ನಂದೇ ತಪ್ಪು" ಎಂದು ಹೆಂಡತಿ ಲಕ್ಷ್ಮೀಗೆ ಹೇಳುತ್ತಿದ್ದ. ಕಾಲು ಮುರಿದಿತ್ತು. ಐತಪ್ಪ ಮಂಚದ ಪಕ್ಕದಲ್ಲಿ ನಿಂತು ಕೇಳಿಸಿಕೊಂಡ.

ಮರುದಿನ ಅವನು ಮ್ಯಾನೇಜರ್ ಮುರಳೀಧರರ ಕೋಣೆಗೆ ಹೋದ. ಅವರು ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡ ಮನೆತನದವರು.

"ಬೂಟು ಕೊಟ್ಟಿದ್ವಿ, ಹಾಕ್ಕೊಳ್ಳಲಿಲ್ಲ. ಇನ್ನು ಅವನನ್ನ ಕೆಲಸಕ್ಕೆ ಇಟ್ಕೊಳ್ಳೋದು ಕಷ್ಟಂ ಐತಪ್ಪ," ಎಂದರು ಅವರು.

"ಚಪ್ಪಲಿದ್ದು ತಪ್ಪಲ್ಲ ಸಾರ್. ನಾನು ಬಿಸಿನೀರು ಹಾಕಿದ್ದು. ಅದು ಐಸಾಯ್ತು. ಬೂಟು ಹಾಕಿದ್ರೂ ಅವ ಬೀಳ್ತಿದ್ದ. ತೆಗೆಯುದಾದ್ರೆ ನನ್ನನ್ನು ತೆಗೀರಿ."

ಮುರಳೀಧರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "'ಸೀಕ್ರಂ, ಸೀಕ್ರಂ' ಅಂತ ನಿಮ್ಮನ್ನ ಅವಸರ ಮಾಡಿದ್ದು ನಾನೇ ಅಲ್ವೇ?" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಶೀನ ಇರಲಿ. ನೀವೂ ಇರಿ. ಆದ್ರೆ ಇನ್ಮೇಲೆ ಆ ನೆಲಕ್ಕೆ ನೀವೇ ಜವಾಬ್ದಾರಿ," ಎಂದರು.

ಅಲ್ಲಿಂದ ಐತಪ್ಪ ನೇರವಾಗಿ ಆಸ್ಪತ್ರೆಗೆ ಹೋಗಿ ಶೀನನಿಗೂ ಹೇಳಿದ. ಶೀನ ಅವನನ್ನು ದಿಟ್ಟಿಸಿ ನೋಡಿ, ಮುಖವನ್ನು ಗೋಡೆಗೆ ತಿರುಗಿಸಿದ. "ನೀನು ಹೋಗು," ಎಂದಷ್ಟೇ ಅಂದ.

ಆಮೇಲೆ ಐತಪ್ಪ ವಾರವಾರವೂ ಹಣ್ಣನ್ನೋ ತಿಂಡಿಯನ್ನೋ ಹಿಡಿದು ಶೀನನ ಮನೆಗೆ ಹೋಗುತ್ತಿದ್ದ. ಲಕ್ಷ್ಮೀ ಹೊಸ್ತಿಲಲ್ಲೇ ಅದನ್ನು ಇಸಿದುಕೊಂಡು, "ಅವರು ಮಲಗಿದ್ದಾರೆ ಐತಪ್ಪಣ್ಣ," ಎನ್ನುತ್ತಿದ್ದಳು. ಒಳಗೆ ರೇಡಿಯೋ ತಿರುಗಿಸುವ ಸದ್ದು ಕೇಳುತ್ತಿತ್ತು.

ಗೋದಾಮಿನಲ್ಲಿ ಅವನ ಕೆಲಸದ ರೀತಿಯೇ ಬದಲಾಯಿತು. ನೀರಿನ ಹನಿಯನ್ನೂ ಒಳಗೆ ಬಿಡಲಿಲ್ಲ. ಹಿಮ ಗಟ್ಟಿಯಾಗುವ ಮೊದಲೇ ಅಗಲವಾದ ಹಲಗೆಯಿಂದ ಬಾಗಿಲ ಕಡೆಗೆ ತಳ್ಳುತ್ತಿದ್ದ. ಅಷ್ಟು ಹೊತ್ತು ಅಡ್ಡಕ್ಕೆ ಹಗ್ಗ ಕಟ್ಟಿ ಟ್ರಾಲಿ ನಿಲ್ಲಿಸುತ್ತಿದ್ದ. ಹಾದಿಗೆ ಒಣ ಗೋಣಿಚೀಲ ಹಾಸಿ, ಮೊದಲು ತಾನೇ ನಡೆದು ನೋಡಿ, ಆಮೇಲೆ ಹಗ್ಗ ಬಿಚ್ಚುತ್ತಿದ್ದ. ಲಾರಿಯವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಅವನು ತಲೆಯೆತ್ತುತ್ತಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಶೀನ ಕುಂಟುತ್ತ ಕೆಲಸಕ್ಕೆ ಮರಳಿದ. ಟ್ರಾಲಿ ತಳ್ಳಲು ಆಗದು. ಮುರಳೀಧರರು ಅವನಿಗೆ ಒಂದು ಸ್ಟೂಲು ಕೊಟ್ಟು, ಬಾಗಿಲು ತೆರೆದು ಮುಚ್ಚುವ ಕೆಲಸಕ್ಕೆ ಕೂರಿಸಿದರು. ಮಾತಿಲ್ಲದೆ ಕೆಲವು ದಿನ ಕಳೆದವು. ಮಳೆಯ ತೇವಕ್ಕೆ ಹಿಮ ಎಂದಿಗಿಂತ ಹೆಚ್ಚು ಬೀಳುತ್ತಿತ್ತು. ಐತಪ್ಪ ಬಗ್ಗಿ ಕೆರೆಯುತ್ತಲೇ ಇದ್ದ, ಉಸಿರು ಬಿಳಿ ಹೊಗೆಯಾಗಿ ಬರುತ್ತಿತ್ತು.

"ಎಂತ ಮಾರಾಯ," ಹಿಂದಿನಿಂದ ಶೀನನ ಧ್ವನಿ ಬಂತು. "ಬಾಗಿಲು ಹೀಗೆ ತೆರೆದೇ ಇಟ್ರೆ ನೀನು ಜೀವಮಾನ ಇಡೀ ಕೆರೀಬೇಕು. ಲಾರಿ ಬಂದು ತಾಗಿ ನಿಂತ ಮೇಲೆ ನಾನು ತೆರೀತೇನೆ. ಸಾಕಲ್ಲ?"

ಐತಪ್ಪ ಹಲಗೆ ಹಿಡಿದು ಹಾಗೇ ನಿಂತ. "ಸಾಕು," ಎಂದ. ಹಲಗೆಯನ್ನು ಮತ್ತೆ ನೆಲಕ್ಕೆ ಒತ್ತಿ ತಳ್ಳತೊಡಗಿದ.

ಅಂದಿನಿಂದ ಹಿಮ ಅರ್ಧಕ್ಕರ್ಧ ಇಳಿಯಿತು. ೨೦೦೬ರಲ್ಲಿ ಐತಪ್ಪ ಕೆಲಸ ಬಿಡುವವರೆಗೂ ಆ ನೆಲದಲ್ಲಿ ಮತ್ತೊಬ್ಬರು ಬೀಳಲಿಲ್ಲ. ಬಿಸಿನೀರಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೈ ಬೆಚ್ಚಗಾಗಲೆಂದು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಶೀನ ಮುರಿದ ಕಾಲನ್ನು ಉದ್ದಕ್ಕೆ ಚಾಚಿದರೆ, ಐತಪ್ಪ ತನ್ನ ಬುತ್ತಿ ಎತ್ತಿಕೊಂಡು ನೆರಳಿಗೆ ಸರಿದು, ಬಿಸಿಲನ್ನು ಅವನಿಗೆ ಬಿಡುತ್ತಿದ್ದ.