ಶಾಲೆಯ ಬಾಗಿಲಿಗೆ ಕಟ್ಟಿದ ಕೆಂಪು ಪಟ್ಟಿ

ತೊಂಬತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ, ರಾಕೆಟ್ ಹಾರಿದ ಮೇಲೆ ಅದರ ಹೊಗೆ ಎಲ್ಲಿ ಇಳಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಆ ಹೊಗೆಯಲ್ಲಿ ಆಮ್ಲವಿರುತ್ತದೆ, ಉಸಿರಾಟಕ್ಕೆ ಕೆಟ್ಟದ್ದು. ಒಂದು ಸಲ, ಗಾಳಿ ಹೊಗೆಯನ್ನು ಸಮುದ್ರದ ಕಡೆಗೇ ಒಯ್ಯುತ್ತದೆ, ಪೂರ್ವ ಕರಾವಳಿಯ ಉಡಾವಣಾ ಕೇಂದ್ರದ ಹತ್ತಿರದ ಹಳ್ಳಿಶಾಲೆಗೆ ಆ ದಿನ ರಜೆ ಬೇಕಿಲ್ಲ ಎಂದು ಬರೆದು ಸಹಿ ಹಾಕಿದವಳು ನಾನೇ.

ಲೆಕ್ಕವನ್ನು ತಾಳೆ ನೋಡಲು ಉಪಕರಣ ಕೇಳಿ ಕೇಳಿ ಸಾಕಾಗಿ, ಅಮ್ಮನ ಉಪಾಯಕ್ಕೆ ಜೋತುಬಿದ್ದೆ. ಆರತಿಯ ಓಕುಳಿಗೆ ಮಾಡುವಂತೆ ಅರಿಸಿನಕ್ಕೆ ಸುಣ್ಣ ಕದಡಿ, ನಮ್ಮ ಮಗ್ಗದ ಮನೆಯಲ್ಲಿ ಬಿದ್ದಿದ್ದ ಬಿಳಿ ಬಟ್ಟೆಯ ಪಟ್ಟಿಗಳನ್ನು ಅದ್ದಿ ಕೆಂಪು ಮಾಡಿದೆವು. ಆಮ್ಲ ತಾಗಿದರೆ ಆ ಕೆಂಪು ಮತ್ತೆ ಹಳದಿಯಾಗುತ್ತದೆ. ಒಂದೊಂದಕ್ಕೂ ಜಾಗದ ಹೆಸರಿನ ಚೀಟಿ ಹಚ್ಚಿ, ಉಡಾವಣೆಗೆ ಮೊದಲೇ ಶಾಲೆಯ ಮೇಷ್ಟ್ರಿಗೆ ಕಳಿಸಿ, ಹಳ್ಳಿಯ ಸುತ್ತ ಕಟ್ಟಿಸಿದೆ.

ಉಡಾವಣೆಯಾದ ಕೆಲವು ದಿನಕ್ಕೆ ಅವು ಅಂಚೆಯಲ್ಲಿ ವಾಪಸು ಬಂದವು. ಎಲ್ಲವೂ ಕೆಂಪಗಿದ್ದವು. ಶಾಲೆಯ ಬಾಗಿಲಿಗೆ ಕಟ್ಟಿದ್ದರಲ್ಲಿ ಮಾತ್ರ ಹಳದಿ! ಮನೆಗೆ ಬಂದವಳೇ ಲೆಕ್ಕದ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಊಟಕ್ಕೆ ಕರೆದರೆ ರೇಗಿ, ಮಗ್ಗದ ಸದ್ದಿಗೂ ರೇಗಿದೆ. ಅಮ್ಮ ಮಗ್ಗ ನಿಲ್ಲಿಸಿ ಬಂದು ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಸೀರೆಯಲ್ಲಿ ಸಾಸಿವೆಯಷ್ಟು ಕಲೆಯಿದ್ದರೂ ಹಿಡಿಯುವ ಕಣ್ಣು ಅವಳದು.

"ಹೊಗೆ ತಾಗಿದ್ರೆ ಪೂರಾ ಹಳದಿ ಆಗ್ಬೇಕಿತ್ತಲ್ವೇನೇ? ಇದು ಒಂದೇ ಕಡೆ ದುಂಡಗೆ ಆಗೈತೆ. ಬೀಜ ಬೇರೆ ಅಂಟ್ಕೊಂಡೈತೆ ನೋಡು. ಕೆಂಪು ಬಟ್ಟೆ ಅಂತ ಯಾರೋ ದೃಷ್ಟಿಗೆ ನಿಂಬೆಹಣ್ಣು ಕುಯ್ದು ಕಟ್ಟವ್ರೆ ಕಣೇ."

ಮೂಸಿ ನೋಡಿದೆ. ನಿಂಬೆಹಣ್ಣೇ! ಹೋದ ಜೀವ ಬಂದಂತಾಯಿತು.

"ನನ್ ಲೆಕ್ಕ ಸರಿಯಾಗೇ ಇತ್ತು ಕಣಮ್ಮಾ!" ಎಂದು ಅವಳನ್ನು ತಬ್ಬಿಕೊಂಡೆ.

"ಅದ್ಸರಿ, ಇಸ್ಕೂಲ್ ಮಕ್ಳು ಹೆಂಗವ್ರಂತೆ?"

ನಾನು ಕೇಳಿಯೇ ಇರಲಿಲ್ಲ. ನಾಚಿಕೆಯಿಂದ ಊಟ ಸೇರಲಿಲ್ಲ.

ಮಾರನೇ ದಿನ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಆ ಶಾಲೆಯ ಪಕ್ಕದ ಅಂಚೆ ಕಚೇರಿಗೆ ಫೋನ್ ಮಾಡಿ ಮೇಷ್ಟ್ರನ್ನು ಕರೆಸಿದೆ. ರಾಕೆಟ್ಟಿಗೆ ದೃಷ್ಟಿಯಾಗದಿರಲಿ ಎಂದು ಶಾಲೆಯ ಆಯಾ ನಿಂಬೆಹಣ್ಣು ಕಟ್ಟಿದ್ದಳೆಂದು ಅವರು ತೆಲುಗಿನಲ್ಲಿ ನಗುತ್ತ ಹೇಳಿದರು. ಮಕ್ಕಳು ಹೇಗಿದ್ದಾರೆ ಎಂದು ಕೇಳಿದೆ.

"ಆಟಕ್ಕೆ ಬಿಟ್ಟಿದ್ದೇವೆ, ನೀವೇ ಕೇಳಿ" ಎಂದು ಅವರು ರಿಸೀವರನ್ನು ಕಿಟಕಿಯ ಕಡೆ ಹಿಡಿದರು.

ಕೂಗಾಟವೋ ಕೂಗಾಟ. ಒಬ್ಬರಾದರೂ ಕೆಮ್ಮುತ್ತಾರೇನೋ ಎಂದು ತುಂಬಾ ಹೊತ್ತು ಕಿವಿಗೊಟ್ಟು ನಿಂತೆ. ಯಾರೂ ಕೆಮ್ಮಲಿಲ್ಲ.