ಆಡಬೇಡ ಎನ್ನುವ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಬಲಗೈ ತೋರುಬೆರಳು ಸೊಟ್ಟ. ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಮುರಿದದ್ದಂತೆ. ಆ ಬೆರಳನ್ನೇ ರೋಗಿಯ ಮುಖದೆದುರು ಅತ್ತಿತ್ತ ಆಡಿಸಿ, "ತಲೆ ತಿರುಗಿಸ್ಬೇಡ, ಕಣ್ಣಲ್ಲಷ್ಟೇ ನೋಡು" ಎನ್ನುತ್ತಾರೆ.

ಚಂದ್ರಾ ಲೇಔಟ್‌ನಲ್ಲಿ ನನ್ನ ಕ್ಲಿನಿಕ್ಕಿಗೆ ಇಪ್ಪತ್ತು ವರ್ಷ ತುಂಬಿದಾಗ ಅದೇ ಕಟ್ಟಡದ ಮಹಡಿಯಲ್ಲಿ ಅವರು ಬೋರ್ಡು ಹಾಕಿದರು: ಆಟದಲ್ಲಿ ತಲೆಗೆ ಪೆಟ್ಟಾದವರಿಗೆ ಮಾತ್ರ. ನಾನು ನಕ್ಕುಬಿಟ್ಟೆ. ಕೆಮ್ಮು ನೆಗಡಿ ನೋಡದ ಡಾಕ್ಟರು ಇಲ್ಲಿ ಬಾಡಿಗೆ ಕಟ್ಟಿ ಬದುಕುವುದುಂಟೇ? ಆರೇ ತಿಂಗಳು. ಮೆಟ್ಟಿಲ ಮೇಲೆಲ್ಲ ಅವರ ಆಟಗಾರರ ಚಪ್ಪಲಿ. ನನ್ನ ಕಾಂಪೌಂಡರ್ ಕೂಡ "ಮೇಲಿನ ಮೇಡಂ" ಎನ್ನುವಾಗ ದನಿ ತಗ್ಗಿಸತೊಡಗಿದ. ಹೊಟ್ಟೆ ಉರಿಯದೆ ಇನ್ನೇನು!

ಭಾನುವಾರ ಅವರು ಮೈದಾನಕ್ಕೇ ಹೋಗುತ್ತಿದ್ದರು. ನಮ್ಮ ಕಬಡ್ಡಿಯವರದೊಂದು ಪದ್ಧತಿ: ಬಿದ್ದವನ ತಲೆಗೆ ನೀರು ಸುರಿದು, ಬೆನ್ನು ತಟ್ಟಿ, ಮತ್ತೆ ಒಳಗೆ ನೂಕುವುದು. ಡಾಕ್ಟ್ರಮ್ಮ ಬಾಟಲಿ ಕಿತ್ತುಕೊಂಡು "ಸ್ಕೋರ್ ಎಷ್ಟಪ್ಪಾ?" ಎಂದು ಕೇಳುತ್ತಿದ್ದರು. ತಪ್ಪು ಹೇಳಿದವನ ಆಟ ಅಂದಿಗೆ ಮುಗಿಯಿತು. "ಮೂಳೆ ಮುರಿದ್ರೆ ಊರಿಗೆಲ್ಲ ಕಾಣುತ್ತೆ. ಮಿದುಳು ಅಲುಗಿದ್ರೆ ಅವನಿಗೇ ಗೊತ್ತಾಗಲ್ಲ" ಎನ್ನುವರು.

ಒಮ್ಮೆ ತಲೆಗೆ ಪೆಟ್ಟು ಮಾಡಿಕೊಂಡು ಬಂದ ಕಬಡ್ಡಿ ತಂಡವೊಂದರ ಕ್ಯಾಪ್ಟನ್‌ಗೆ ಆಡಬೇಡ ಎಂದರು. ಮರುದಿನ ಬೆಳಿಗ್ಗೆ ಫೈನಲ್. ಅವನು ಮೆಟ್ಟಿಲಿಳಿದು ನೇರವಾಗಿ ನನ್ನಲ್ಲಿಗೆ ಬಂದ.

"ಸಾರ್, ನೀವು ಹಳೇ ಡಾಕ್ಟ್ರು. ಮೇಡಂ ಸುಮ್ನೆ ಹೆದರಿಸ್ತಾರೆ. ಒಂದು ಫಿಟ್ನೆಸ್ ಲೆಟರ್ ಕೊಡಿ ಸಾರ್."

ಆ ಮಾತು ಕೇಳಿ ಉಬ್ಬಿಹೋದೆ. ನಾಡಿ ಹಿಡಿದೆ, ಕಣ್ಣಿಗೆ ಟಾರ್ಚ್ ಬಿಟ್ಟೆ, ಸಹಿ ಹಾಕಿದೆ. ಅವನು ಬಾಗಿಲೆಂದುಕೊಂಡು ಬೀರುವಿನ ಕಡೆ ನಡೆದ. ನೋಡಿಯೂ ನೋಡದವನಂತೆ ಕೂತಿದ್ದೆ.

ಮರುದಿನ ಮಧ್ಯಾಹ್ನ ಡಾಕ್ಟ್ರಮ್ಮ ಆ ಲೆಟರ್ ಹಿಡಿದು ಬಂದರು. ಆಟಕ್ಕೆ ಮುಂಚೆ ಅಂಕಣದ ಗೆರೆಯ ಮೇಲೆ ಅಡ್ಡ ನಿಂತು, ಅವನು ಚಾಚಿದ ಲೆಟರ್ ಕಿತ್ತುಕೊಂಡು ಅವನನ್ನು ತಡೆದಿದ್ದರಂತೆ. ಬೆಂಚಿನ ಮೇಲೆ ಕೂತಲ್ಲೇ ಅವನು ವಾಂತಿ ಮಾಡಿಕೊಂಡ. ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡಿತು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಉಳಿಯುತ್ತಿರಲಿಲ್ಲ.

"ಇದನ್ನ ಯಾರಿಗೂ ತೋರಿಸಿಲ್ಲ. ನೀವೇ ಹರಿದು ಹಾಕಿ ಸಾರ್" ಎಂದರು.

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಚೂರುಚೂರಾಗಿ ಹರಿದು ಕಸದ ಬುಟ್ಟಿಗೆ ಹಾಕಿದೆ.

ಕ್ಯಾಪ್ಟನ್ ಗುಣವಾದ. ಆ ಎರಡು ದಿನ ಮಾತ್ರ ಅವನಿಗೆ ನೆನಪೇ ಇಲ್ಲ, ನನ್ನ ಲೆಟರ್ ಕೂಡ. ಮೊನ್ನೆ ಮದುವೆ ಪತ್ರಿಕೆ ಹಿಡಿದು ಬಂದು ನನ್ನ ಕಾಲಿಗೆ ಬಿದ್ದ. ನಾನು ಕಾಲು ಹಿಂದಕ್ಕೆಳೆದುಕೊಂಡೆ.

"ಮೊದ್ಲು ಮೇಲೆ ಹೋಗಿ ಮೇಡಂಗೆ ಕೊಡಪ್ಪ" ಎಂದೆ.

"ಹೋಗಿದ್ದೆ ಸಾರ್. 'ಕೆಳಗಿನವರು ದೊಡ್ಡವರು, ಮೊದಲ ಪತ್ರಿಕೆ ಅವರಿಗೆ' ಅಂತ ಮೇಡಮ್ಮೇ ವಾಪಸ್ ಕಳಿಸಿದ್ರು."